ಸಾಲಿ ಅಂದರ ಸಾಲು

೧೧ ಎಪ್ರಿಲ್ ೧೯೨೭, ಬೆಳಗಾವಿ

ಬೆಳಿಗ್ಗೆ ಬಸದಿ, ಆಮೇಲೆ ಸಾಲೆ. ಖಾಸಬಾಗದಿಂದ ಕ್ಯಾಂಪಿಗೆ ಹೋಗುವಾಗ ಚಪ್ಪಲಿಯ ಉಂಗುಟ ಕಿತ್ತಿತು. ಕಾಲೆಳೆಯುತ್ತ ಹೋದೆ. ಐದನೇ ಇಯತ್ತೆಯ ಹುಡುಗರು ‘ಪರೋಪಕಾರ’ ಎಂಬ ನಿಬಂಧ ಬರೆದಿದ್ದಾರೆ. ಎಲ್ಲರದೂ ಒಂದೇ ನಮೂನೆ — ನಾನು ಬಾಯಿಪಾಠ ಮಾಡಿಸಿದ್ದೇ. ತಿದ್ದಲು ಬೇಸರ.

ಊಟದ ಬಿಡುವಿನಲ್ಲಿ ಪ್ರಿನ್ಸಿಪಾಲ್ ಫಾದರ್ ಆಲ್ಬನ್ ಕರೆದರು. ನಮ್ಮ ಮಿಶನ್ ಹೈಸ್ಕೂಲಿಗೆ ಈ ವರ್ಷ ಇಪ್ಪತ್ತೈದು ತುಂಬುತ್ತದೆ. ಹಳ್ಳಿಯ ಹುಡುಗರಿಗಾಗಿ ಬೋರ್ಡಿಂಗ್ ತೆರೆಯುವ ಮನಸ್ಸು ಅವರಿಗೆ. ಖಾನಾಪುರದ ದೊಡ್ಡ ಮನೆತನದವರಿಗೆ ಸಾಲೆಯ ವಿಚಾರ ತಿಳಿಸಬೇಕಂತೆ. ಅವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡಕ್ಕೆ ತರುವುದು. ಜೊತೆಗೆ ನಮ್ಮ ರಾಯಪ್ಪ ಮಾಸ್ತರ.

ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ. ಇಷ್ಟು ಜನ ಮಾಸ್ತರರನ್ನು ಬಿಟ್ಟು ನನ್ನನ್ನು ಕರೆದರಲ್ಲ! ಮನೆಗೆ ಬಂದು ಹೆಂಡತಿ ರಾಜಮತಿಗೆ ಹೇಳಿದೆ. ಜರಿ ಅಂಚಿನ ಧೋತರ ತೆಗೆದಿಟ್ಟಳು.

೧೪ ಎಪ್ರಿಲ್

ಉಂಗುಟ ರಾಯಪ್ಪನೇ ಹೊಲಿದುಕೊಟ್ಟ. ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೆ. ಅಪ್ಪನ ಕೈ ಇನ್ನೂ ಮೈಯಲ್ಲಿದೆ ಎಂದು ನಕ್ಕ. ಮುಜುಗರವಾದದ್ದು ನನಗೆ, ಅವನಿಗಲ್ಲ.

ಬಾಜು ವರ್ಗದ ಗಣಿತದ ಮಾಸ್ತರ ಇವನು. ಖಾನಾಪುರದ ಆಚೆ ಬೀಡಿ ಎಂಬ ಹಳ್ಳಿ, ಅದರ ಊರ ಹೊರಗಿನ ಕೇರಿಯವನು, ತಂದೆ ತೊಗಲು ಹದ ಮಾಡುತ್ತಿದ್ದ. ಪ್ಲೇಗಿನಲ್ಲಿ ತಂದೆತಾಯಿ ಇಬ್ಬರೂ ಹೋದರು. ಆಗಿನ ಫಾದರ್ ಎತ್ತಿಕೊಂಡು ಬಂದು ಸಾಕಿ, ಸಂತ ಪೀಟರನ ಹೆಸರಿಟ್ಟರು. ಕ್ರೈಸ್ತರ ಕನ್ನಡದಲ್ಲಿ ಪೀಟರ್ ಎಂದರೆ ರಾಯಪ್ಪ. ಗೊತ್ತಿಲ್ಲದವರು ಯಾವುದೋ ಗೌಡರ ಮನೆಯ ಹೆಸರೆಂದುಕೊಳ್ಳುತ್ತಾರೆ.

ಸಾಲೆ ಸುರುವಾದ ಕಥೆಯನ್ನು ಅವನ ಬಾಯಿಂದಲೇ ಕೇಳಬೇಕು. ಕುದುರೆ ಲಾಯದಲ್ಲಿ ಅನಾಥ ಮಕ್ಕಳಿಗೆ ಗಂಜಿ ಹಾಕುತ್ತಿದ್ದರಂತೆ. ಆ ಮೊದಲ ಫಾದರ್‌ಗೆ ಕನ್ನಡ ಅರ್ಧಂಬರ್ಧ. ‘ಸಾಲಾಗಿ ಕುಂದರ್ರಿ’ ಎನ್ನಲು ಹೋಗಿ ‘ಸಾಲಿಯಾಗಿ ಕುಂದರ್ರಿ’ ಎಂದರು. ಶಾಲೆಯಾಗಿ ಕೂಡುವುದು ಹೇಗೆಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ತಪ್ಪು ತಿಳಿದ ಮೇಲೂ ಅವರು ತಿದ್ದಿಕೊಳ್ಳಲಿಲ್ಲ — ಎರಡೂ ಒಂದೇ, ಎಲ್ಲರೂ ಒಂದು ಸಾಲಿನಲ್ಲಿ ಕೂಡದ ಕಡೆ ಸಾಲಿ ಎಲ್ಲಿಯದು ಎಂದರು. ಬಾಗಿಲ ಮೇಲೆ ಲ್ಯಾಟಿನಿನಲ್ಲಿ ಬೇರೇನೋ ಕೆತ್ತಿದೆ. ಹುಡುಗರ ಬಾಯಲ್ಲಿರುವುದು ಮಾತ್ರ ಇದು — ಸಾಲಿ ಅಂದರ ಸಾಲು. ವಕೀಲನ ಮಗ, ಬಟ್ಲರನ ಮಗ, ಒಂದೇ ಬೆಂಚು, ಒಂದೇ ಸಾಲಿನಲ್ಲಿ ಊಟ.

ನನ್ನದು ಮಾತ್ರ ಮನೆಯ ಡಬ್ಬಿ, ಕಿಟಕಿಯ ಬಳಿ. ಜೈನರ ನೇಮ ಬೇರೆ ಎಂದು ಎಲ್ಲರಿಗೂ ಗೊತ್ತು. ಹೊತ್ತು ಮುಳುಗಿದ ಮೇಲೆ ಊಟ ಮುಟ್ಟುವುದಿಲ್ಲ. ಸಂಜೆಯ ಮೀಟಿಂಗುಗಳಲ್ಲಿ ರಾಯಪ್ಪನೇ ಕಿವಿಯಲ್ಲಿ ಎಚ್ಚರಿಸುತ್ತಾನೆ — “ಮಾಸ್ತರ್ರ, ಹೊತ್ತ ಮುಳಗಾಕ ಬಂತು. ಡಬ್ಬಿ ಬಿಚ್ಚರಿ.”

೨೦ ಎಪ್ರಿಲ್, ಖಾನಾಪುರದಿಂದ ಬಂದು

ಬರೆಯದಿದ್ದರೆ ನಿದ್ದೆ ಬರಲಿಕ್ಕಿಲ್ಲ. ಬರೆದರೂ ಬರಲಿಕ್ಕಿಲ್ಲ.

ಬಸಲಿಂಗಪ್ಪನವರು ಭತ್ತದ ದೊಡ್ಡ ವ್ಯಾಪಾರಿ. ಅವರ ಪಡಸಾಲೆಯ ತುಂಬ ಜನ. ಫಾದರ್ ಎದ್ದು ನಿಂತು ಸುರು ಮಾಡಿದರು. ಪ್ಲೇಗು, ಲಾಯ, ಗಂಜಿ. ಯಾರೂ ಮುಟ್ಟದ ಮಕ್ಕಳಿಗಾಗಿ ಈ ಸಾಲೆ ಹುಟ್ಟಿತು, ಇಂದಿಗೂ ಅದರ ಕೆಲಸ ಅದೇ ಎಂದರು. ಆಮೇಲೆ ರಾಯಪ್ಪನ ಹೆಗಲ ಮೇಲೆ ಕೈಯಿಟ್ಟರು. ಇವನು ಆ ಲಾಯದ ಮೊದಲ ಹುಡುಗ, ತೊಗಲು ಹದ ಮಾಡುವವನ ಮಗ. ನಮ್ಮ ಸಾಲೆ ಏನೆಂದು ಯಾರಾದರೂ ಕೇಳಿದರೆ ನಾನು ಇವನನ್ನು ತೋರಿಸುತ್ತೇನೆ ಎಂದರು.

ಜನ ನನ್ನ ಮುಖ ನೋಡಿದರು. ಎದುರಿಗೆ ವಿಭೂತಿ ಹಚ್ಚಿದ ಹಿರಿಯರು. ಒಳಗಿನಿಂದ ಹೋಳಿಗೆಯ ವಾಸನೆ. ನಾಲಿಗೆ ತಾನೇ ಹೊರಳಿತು.

“ಸಾಲಿ ಕ್ಯಾಂಪಿನಾಗ ಸುರು ಆತ್ರಿ, ದೊಡ್ಡ ದೊಡ್ಡ ಸಾಹೇಬರ ಮಕ್ಕಳು ಕಲ್ತ ಸಾಲಿ. ಇವರು ರಾಯಪ್ಪ ಮಾಸ್ತರು, ಬೀಡಿ ಕಡಿಯಾವರು. ನಮ್ಮ ಸಾಲಿಯೊಳಗ ಮೊದಲನೇ ನಂಬರ ಬಂದಾವ್ರು.”

ಮೊದಲ ಹುಡುಗ ಹೋಗಿ ಮೊದಲನೇ ನಂಬರು. ಆ ಗಳಿಗೆಗೆ ನನ್ನ ಜಾಣತನ ನನಗೇ ಮೆಚ್ಚುಗೆಯಾಯಿತು. ರಾಯಪ್ಪನಿಗೆ ಎರಡೂ ಭಾಷೆ ಬರುತ್ತದೆಂಬುದು ಆಮೇಲೆ ನೆನಪಾಯಿತು. ಅವನು ನನ್ನ ಕಡೆ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ.

ಬೀಡಿಯ ರಾಯಪ್ಪ ಎಂದರೆ ನಮ್ಮ ಪೈಕಿಯವರೇ ಇರಬೇಕಲ್ಲ ಎಂದು ಬಸಲಿಂಗಪ್ಪನವರು ಕೇಳಿದರು. ಹೂಂ ಎಂದೆ.

ಫಾದರ್‌ಗೆ ಹೊರಗೆ ಮೇಜು ಕುರ್ಚಿ. ನಮ್ಮಿಬ್ಬರಿಗೆ ಒಳಗೆ, ಮನೆಯವರ ಸಾಲಿನಲ್ಲಿ. ರಾಯಪ್ಪ ಹೊಸ್ತಿಲಿಗೆ ಬಂದು ನಿಂತುಬಿಟ್ಟ. ದಾಟಿದರೆ ನನ್ನ ಸುಳ್ಳಿಗೆ ಅವನೂ ಪಾಲುದಾರ. ಖರೇ ಹೇಳಿದರೆ ಫಾದರ್‌ನ ಬೋರ್ಡಿಂಗ್ ಅಲ್ಲಿಗೇ ಮುಗಿಯಿತು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೊರಗಿನ ಕಟ್ಟೆಗೆ ಹೋಗಿ ಕೂತ. ಬೆಳಿಗ್ಗೆಯಿಂದ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ನನಗೆ ಗೊತ್ತು.

ನಾನು ಹೋಳಿಗೆ ತಿಂದೆ. ತುಪ್ಪ ಹಾಕಿಸಿಕೊಂಡೆ.

೨೧ ಎಪ್ರಿಲ್

ಸಾಲೆಯ ಗೇಟಿನಲ್ಲಿ ಸಿಕ್ಕ. ಸಿಟ್ಟಿನ ಸುಳಿವೇ ಇಲ್ಲ. “ತರ್ಜುಮಾ ಚಲೋ ಮಾಡಿದ್ರಿ ಮಾಸ್ತರ. ನನ್ನ ಒಬ್ಬಾಂವನ್ನ ಬಿಟ್ಟು ಎಲ್ಲಾ ಬಂತು.”

ಹೊಡೆದಿದ್ದರೆ ಚಲೋ ಇತ್ತು.

೧೩ ಜೂನ್

ಬೋರ್ಡಿಂಗ್ ಸುರು. ಖಾನಾಪುರದ ಹುಡುಗರು ಟ್ರಂಕು ಹೊತ್ತು ಬಂದರು. ಎಡೆಬಿಡದ ಮಳೆ. ಫಾದರ್ ಛತ್ರಿ ಹಿಡಿದು ಒಬ್ಬೊಬ್ಬರನ್ನೇ ತಾವೇ ಒಳಗೆ ಕರೆತಂದರು. ಮುಖದಲ್ಲಿ ಮಗುವಿನ ಸಂತೋಷ.

ಬಸಲಿಂಗಪ್ಪನವರು ಮಗ ಈರಣ್ಣನನ್ನು ಬಿಡಲು ಬಂದಿದ್ದರು. ಹೋಗುವಾಗ ಫಾದರ್‌ಗೆ ಹೇಳಿರೆಂದು ನನಗೆ ಹೇಳಿದರು — “ಅಡಗಿಮನಿ ನಮ್ಮ ಪೈಕಿಯವರು ನೋಡ್ಕೊಂಡ್ರ ನಮಗ ಚಿಂತಿಲ್ಲ. ರಾಯಪ್ಪ ಮಾಸ್ತರು ಅಲ್ಲೇ ಇರ್ಲಿ.”

ರಾಯಪ್ಪನ ಮೇಲೆ ಅವರಿಗೆ ಬಹಳ ನಂಬಿಕೆ ಎಂದು ಇಂಗ್ಲಿಷಿಗೆ ತಂದೆ. ಫಾದರ್ ಕಣ್ಣು ತುಂಬಿ ಅವರ ಕೈ ಹಿಡಿದುಕೊಂಡರು. ನೋಡು, ಇಪ್ಪತ್ತೈದು ವರ್ಷದಲ್ಲಿ ಜನ ಬದಲಾದರು ಎಂದು ಆಮೇಲೆ ನನಗೆ ಹೇಳಿದರು. ನಾನೂ ತಲೆಯಾಡಿಸಿದೆ. ನನ್ನ ತಲೆ ಈಗ ಅದೊಂದಕ್ಕೇ ಉಪಯೋಗ.

೧೫ ಜೂನ್

ರಾಯಪ್ಪನನ್ನು ಬಾವಿಯ ಹತ್ತಿರ ಒಬ್ಬನೇ ಕಂಡೆ. ಫಾದರ್‌ಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಬೇಡ ಮಾಸ್ತರ, ಹೋಗಲಿ ಬಿಡ್ರಿ ಎನ್ನುತ್ತಾನೆಂದು ಒಳಗೊಳಗೆ ಆಸೆ ಇತ್ತು. ಇದನ್ನೂ ಬರೆದಿಡಬೇಕು.

ಅವನು ಹಾಗೆನ್ನಲಿಲ್ಲ. “ಹೇಳ್ರಿ. ನಾ ಬ್ಯಾಡ ಅನ್ನೂದಿಲ್ಲ. ನನ್ನ ಅಪ್ಪನ್ನ ನುಂಗಿದಾವ್ರು ನೀವು, ಉಗುಳಬೇಕಾದಾವ್ರೂ ನೀವಽ.”

ನಾಳೆ ಹೇಳುತ್ತೇನೆ.

೧೯ ಜೂನ್

ಫಾದರ್‌ಗೆ ಜ್ವರ. ಜ್ವರದಲ್ಲಿ ಹೇಗೆ ಹೇಳುವುದು.

೨೪ ಜೂನ್

ಜ್ವರ ಬಿಟ್ಟಿದೆ. ಇನ್‌ಸ್ಪೆಕ್ಟರ್ ಬರುವವರಿದ್ದಾರೆ, ಫಾದರ್‌ಗೆ ಬಿಡುವಿಲ್ಲ… ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

೨ ಜುಲೈ

ರಾಯಪ್ಪ ಹೋಗುತ್ತಾನೆ. ಬೀಡಿಯ ಕೇರಿಯಲ್ಲಿ ಮಿಶನ್ನಿನದೊಂದು ಸಣ್ಣ ಸಾಲೆ ಮಾಸ್ತರನಿಲ್ಲದೆ ಮುಚ್ಚಿತ್ತು. ಅದನ್ನು ತನಗೆ ಕೊಡಿರೆಂದು ತಾನೇ ಕೇಳಿಕೊಂಡನಂತೆ. ಹೈಸ್ಕೂಲು ಬಿಟ್ಟು ಅಲ್ಲಿಗೆ! ಅಡಿಗೆಮನೆಯ ಬಾಗಿಲಲ್ಲಿ ಇನ್ನೊಬ್ಬರ ಕುಲದ ಹೆಸರು ಹೊತ್ತು ನಿಲ್ಲುವುದಕ್ಕಿಂತ ಅದು ಮೇಲೆನಿಸಿರಬೇಕು.

ಫಾದರ್ ನನ್ನನ್ನು ಕೂಡ್ರಿಸಿಕೊಂಡು ಕೇಳಿದರು. ಅವನು ಯಾಕೆ ಹೋಗುತ್ತಾನೆ, ನಿನ್ನ ಗೆಳೆಯ, ನಿನಗೆ ಗೊತ್ತಿರಬೇಕು. ಕೋಣೆಯಲ್ಲಿ ಇಬ್ಬರೇ. ಬಾಗಿಲು ಮುಚ್ಚಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಗೊತ್ತಿತ್ತು.

ತನ್ನ ಜನರ ನಡುವೆ ಇರಬೇಕೆಂಬ ಆಸೆ ಅವನಿಗೆ, ಎಂದೆ.

ಅವನು ನನಗಿಂತ ದೊಡ್ಡ ಮನುಷ್ಯ ಎಂದರು ಫಾದರ್. ಅದೊಂದು ನಿಜ.

೧೫ ಅಗಸ್ಟ್

ಇಪ್ಪತ್ತೈದನೆಯ ವರ್ಷದ ಸಮಾರಂಭ. ತೋರಣ, ಬ್ಯಾಂಡು, ಒದ್ದೆ ಚಪ್ಪರ. ಸಾಲೆಯ ಇತಿಹಾಸವನ್ನು ಕನ್ನಡದಲ್ಲಿ ಓದಿದವನು ನಾನೇ. ಲಾಯವನ್ನು ‘ಹಳೆಯ ಕಟ್ಟಡ’ ಮಾಡಿದೆ. ಗಂಜಿಯನ್ನು ಬಿಟ್ಟೇಬಿಟ್ಟೆ. ಚಪ್ಪಾಳೆ ಬಹಳ ಹೊತ್ತು ಬಿತ್ತು. ರಾಯಪ್ಪ ಬರಲಿಲ್ಲ. ಬಂದಿದ್ದರೆ ಓದುತ್ತಿದ್ದೆನೋ ಇಲ್ಲವೋ.

ಬೋರ್ಡಿಂಗಿನ ಊಟಕ್ಕೆ ಈಗ ಎರಡು ಸಾಲು. ಹುಡುಗರೇ ಮಾಡಿಕೊಂಡದ್ದು. ಫಾದರ್ ಕೇಳಿದಾಗ ಇಯತ್ತೆವಾರು ಕೂತಿದ್ದಾರೆಂದು ಹೇಳಿದ್ದೇನೆ. ಸಾಲಿ ಅಂದರ ಸಾಲು ಎಂದರೆ ಅರ್ಥವೇನೆಂದು ಈರಣ್ಣ ಕೇಳಿದ. ಶಿಸ್ತು ಎಂದೆ. ಸರದಿಯಲ್ಲಿ ನಿಲ್ಲುವುದು.

೧೨ ಸಪ್ಟೆಂಬರ್

ಕ್ಷಮಾವಣಿ. ಬಸದಿಯಲ್ಲಿ ಎಲ್ಲರೂ ಕೈ ಮುಗಿದು ಒಬ್ಬರಿಗೊಬ್ಬರು ತಪ್ಪಾಗಿದ್ದರೆ ಮನ್ನಿಸಿರಿ ಎಂದರು. ನಾನೂ ಎಂದೆ — ಜಗಳವೇ ಆಡದ ಪದ್ಮವ್ವನಿಗೆ, ಹೆಸರೂ ಗೊತ್ತಿಲ್ಲದ ಅಥಣಿಯ ನೆಂಟರಿಗೆ. ಮನೆಗೆ ಬಂದು ರಾಜಮತಿಗೂ ಎಂದೆ. ನನಗೇನು ಮಾಡೀರಿ ನೀವು ಎಂದು ನಕ್ಕಳು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಕಂಡಿತು. ರಾಯಪ್ಪ ಹೊಲಿದ ಉಂಗುಟ ಇನ್ನೂ ಗಟ್ಟಿ ಇದೆ.

ದೀಪಾವಳಿ ಸೂಟಿಯಲ್ಲಿ ಬೀಡಿಗೆ ಹೋಗುತ್ತೇನೆ. ಈ ಸಲ ಖರೇ.

೨೭ ಅಕ್ಟೋಬರ್, ಬೀಡಿ, ಸೋದರಮಾವನ ಮನೆ

ಹೋದೆ. ಖಾನಾಪುರದವರೆಗೆ ಟ್ರೇನು, ಮುಂದೆ ಗಾಡಿ. ಮೊದಲು ಮಾವನ ಮನೆ, ಆಮೇಲೆ ಒಬ್ಬನೇ ಕೇರಿಗೆ.

ಸಾಲೆಯೆಂದರೆ ಹಂಚು ಹೊದಿಸಿದ ಒಂದೇ ಕೋಣೆ. ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿದೆ — ಸಾಲಿ ಅಂದರ ಸಾಲು. ಅಂಗಳದಲ್ಲಿ ಮಕ್ಕಳು ಸಂಜೆಯ ಊಟಕ್ಕೆ ಸಾಲಾಗಿ ಕೂತಿದ್ದರು. ರಾಯಪ್ಪ ಸೊರಗಿದ್ದಾನೆ. ನಗು ಹಾಗೇ ಇದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ‘ತಪ್ಪಾತು’ ಅಷ್ಟೇ. ನನಗ ಹೇಳಿ ಏನ ಮಾಡ್ತೀರಿ ಎಂದ. ಸಿಡುಕಿ ಅಲ್ಲ, ಸಾದಾ ಹೇಳಿದ. ಊಟದ ಹೊತ್ತಿಗೆ ಬಂದೀರಿ, ಕುಂದರ್ರಿ ಎಂದ. ಮಕ್ಕಳ ಸಾಲಿನ ಕೊನೆಗೆ ಚಾಪೆ ಹಾಸಿದ.

ಅಡಿಗೆ ಮಾಡುವವಳು ಅವನ ಸೋದರತ್ತೆ ಮಾಯಕ್ಕ. ಇವರು ಯಾರು ಎಂದು ಕೇಳಿದಳು.

“ನನ್ನ ಸಂಗಾತಿ, ಅತ್ತಿ. ಬೆಳಗಾವ್ಯಾಗ ಭಾಳ ವರ್ಷ ನನ್ನ ಜೋಡಿ ಒಂದಽ ಸಾಲಿನಾಗ ಕುಂತು ಉಂಡಾವ್ರು.”

ಒಂದು ದಿನವೂ ಉಂಡಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಅವನ ಅಪ್ಪನನ್ನು ಅಳಿಸಲು ಸುಳ್ಳು ಹೇಳಿದೆ. ಅವನು ನನ್ನ ಮಾನ ಉಳಿಸಲು ಹೇಳಿದ.

ಮಾಯಕ್ಕನ ಮುಖ ಅರಳಿತು. ಒಳಗೆ ಹೋಗಿ ತಾಟು ತಂದಳು. ರೊಟ್ಟಿ, ಹೆಸರುಕಾಳಿನ ಪಲ್ಯ. ಎಂದಾದರೂ ಬಂದಾರೆಂದು ನಿಮ್ಮ ನೇಮವನ್ನೆಲ್ಲ ರಾಯಪ್ಪ ಮೊದಲೇ ಹೇಳಿಟ್ಟಿದ್ದಾನೆ ಎಂದಳು. ಉಳ್ಳಾಗಡ್ಡಿ ಹಾಕಿಲ್ಲ. ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಿದೆ. ಮಕ್ಕಳೆಲ್ಲ ಕೈ ಕಟ್ಟಿ ನನಗಾಗಿ ಕಾಯುತ್ತಿದ್ದವು.

ಚಾಪೆಯ ಹತ್ತಿರ ನಿಂತೆ. ಮೊಣಕಾಲು ಬಾಗಲಿಲ್ಲ. ರಾಯಪ್ಪ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಲಿಲ್ಲ, ನೋಡುವುದು ಬೇಕಾಗಲಿಲ್ಲ.

“ತಾಟ ಒಳಗ ಒಯ್ಯಿ ಅತ್ತಿ,” ಎಂದ ಮೆಲ್ಲಗೆ. “ಹೊತ್ತ ಮುಳಗೇತಿ. ಇನ್ನ ಅವರು ಉಣ್ಣಂಗಿಲ್ಲ.”

ನಾನು ಹೂಂ ಎಂದೆ.

೨೮ ಅಕ್ಟೋಬರ್, ಬೆಳಗಾವಿ

ಸಂಜೆ ಮನೆ ಮುಟ್ಟಿದೆ. ರಾಯಪ್ಪನ ಕೇರಿಯಲ್ಲಿ ಉಣ್ಣಲು ಕರೆದರೇನು ಎಂದು ರಾಜಮತಿ ಕೇಳಿದಳು. ಕರೆದರು, ಹೊತ್ತು ಮುಳುಗಿತ್ತು ಎಂದೆ. ಚಲೋ ಆತು ಬಿಡ್ರಿ, ನೇಮಾನೂ ಉಳೀತು, ಅವರ ಮನಸ್ಸೂ ನೋಯಲಿಲ್ಲ ಎಂದಳು.

ಮುಳುಗಿರಲಿಲ್ಲ.

ಹಂಚಿನ ಮೇಲೆ ಬಿಸಿಲಿತ್ತು. ಗೋಡೆಯ ಮೇಲಿನ ಅಕ್ಷರಗಳ ಮೇಲಿತ್ತು. ಮಕ್ಕಳ ತಲೆಯ ಮೇಲಿತ್ತು. ಮಾಯಕ್ಕ ತಾಟು ತಿರುಗಿಸಿಕೊಂಡು ಒಳಗೆ ಹೋಗುವಾಗ ಅದರ ಅಂಚು ಬಿಸಿಲಿಗೆ ಹೊಳೆದು ನನ್ನ ಕಣ್ಣಿಗೆ ಹೊಡೆಯಿತು.