ಹಿಂಡಿ ಡಬ್ಬಿಯ ತಳ

ದಢೇಸುಗೂರು
ಶನಿವಾರ, ೨೨ ಜನವರಿ ೧೯೯೪

ನನ್ನ ಅವ್ವ ಯಮನಮ್ಮ ಟೀಚರಿಗೆ,

ಬಾಲವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಅವರನ್ನೆಲ್ಲ ಮನೆಗೆ ಅಟ್ಟಿ, ಬಾಗಿಲು ಮುಂದೆ ಮಾಡಿಕೊಂಡು ಇದನ್ನು ಓದು. "ಇತ್ತ ಎಲ್ಲರೂ ಕ್ಷೇಮ" ಎಂಬ ಸಾಲನ್ನು ಈ ಸಲ ಬರೆಯುತ್ತಿಲ್ಲ. ನೀನೂ ಉತ್ತರದಲ್ಲಿ ಬರೆಯಬೇಡ, ನಾನು ನಂಬುವುದಿಲ್ಲ. ನಾನಿದ್ದೇನೆ. ಹೊಟ್ಟೆಯಲ್ಲಿರುವುದೂ ಇದೆ. ಇವತ್ತಿನ ಮಟ್ಟಿಗೆ ಇಷ್ಟು ಹೇಳಬಲ್ಲೆ, ಮುಂದಿನ ತಿಂಗಳ ಮಾತು ಮುಂದಿನ ತಿಂಗಳಿಗೆ.

ನಿನ್ನ ಗುಟ್ಟು ಹೊರಬಿದ್ದಿದೆ, ಅವ್ವ. ನನಗೆ ಮದುವೆಗೆ ಮುಂಚಿನಿಂದಲೂ ಥೈರಾಯಿಡ್ ಬೇನೆ ಇದೆ, ಅದು ಆಗಾಗ ಕೆರಳುತ್ತದೆ, ದಿನವೂ ಗುಳಿಗೆ ಬೇಕು ಎಂಬುದು ನಮ್ಮ ಅತ್ತೆ ಜೋಗಮ್ಮನಿಗೆ ಈಗ ಗೊತ್ತು. ಹೆಣ್ಣು ನೋಡಲು ಬಂದ ದಿನ ನನ್ನ ಕೊರಳಿಗೆ ಎರಡೆಳೆ ಸರ ಬಿಗಿದು, "ಅವರ ಮುಂದ ನೀರು ಕುಡೀಬ್ಯಾಡ, ಗಂಟಲು ಆಡಿದ್ರ ಬಾವು ಕಾಣತೈತಿ" ಎಂದು ನೀನು ಹೇಳಿಕೊಟ್ಟದ್ದೂ ಗೊತ್ತು. ಇದನ್ನು ನಾನು ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಆದರೆ ಅಕ್ಷರಗಳು ಕುಣಿದಿದ್ದರೆ ಅದು ಸಿಟ್ಟಿಗಲ್ಲ, ಕೈ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಬೋರ್ಡಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುವ ನಿನ್ನ ಕಳೆದ ಕಾಗದವೂ ಗೀಚಿದ ಹಾಗಿತ್ತು. ಅವಸರವಿತ್ತೇನೋ ಎಂದುಕೊಂಡೆ.

ಎಳ್ಳಮಾವಾಸ್ಯೆಗೆ ಗದ್ದೆಪ್ಪ ಮಾಮನ ಕೈಯಲ್ಲಿ ನೀನು ಬಯಕೆಯ ಬುತ್ತಿ ಕಳಿಸಿದೆಯಲ್ಲ, ಅಲ್ಲಿಂದ ಶುರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಜೊತೆಗೆ ರೊಟ್ಟಿಗೆ ಹಚ್ಚಿಕೊಳ್ಳಲು ಆ ಅಗಸಿ ಹಿಂಡಿಯ ಪುಡಿ ತುಂಬಿದ ಡಬ್ಬಿ. ನೀನು ಮೊದಲೇ ಕಾಗದದಲ್ಲಿ "ಹಿಂಡಿ ನೀನೇ ಉಣ್ಣು, ಬೇರೆಯವರಿಗೆ ಖಾರ ಆದೀತು" ಎಂದು ಬರೆದಿದ್ದೆ. ಅದರರ್ಥ ನನಗೂ ನಿನಗೂ ಗೊತ್ತು: ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುಳಿಗೆ. ಪಂಚಮಿಗೂ ದೀಪಾವಳಿಗೂ ಈ ಉಪಾಯ ನಡೆದಿತ್ತು, ಯಾಕೆಂದರೆ ನಮ್ಮ ಅತ್ತೆ ಅಗಸಿ ಮುಟ್ಟುವುದಿಲ್ಲ, ಅದು ಅವಳಿಗೆ ಪಿತ್ತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾವಿಬ್ಬರೂ ಕುಡಿದೆವು.

ಆದರೆ ಹಬ್ಬದ ಬುತ್ತಿ ಬೇರೆ, ಬಸುರಿಯ ಬುತ್ತಿ ಬೇರೆ ಎಂಬುದು ನಿನಗೆ ಹೊಳೆಯಲಿಲ್ಲ, ನನಗೂ ತಿಳಿದಿರಲಿಲ್ಲ. ನಮ್ಮ ಕಡೆ ಬಸುರಿ ಉಂಡ ಮೇಲೆ ಉಳಿದದ್ದು ಓಣಿಗೆ. ಇವರ ಮನೆತನದಲ್ಲಿ ತವರಿನ ಬುತ್ತಿಯನ್ನು ಮೊದಲು ಓಣಿ ಉಣ್ಣಬೇಕು, ಆ ಬಾಯಿಗಳ ಹರಕೆಯ ಮೇಲೆ ಬಸುರಿ ಉಣ್ಣಬೇಕು. ನಾನು ಕಾಲುವೆಗೆ ಹೋಗಿ ಬಟ್ಟೆ ಒಗೆದುಕೊಂಡು ಬರುವಷ್ಟರಲ್ಲಿ ಅತ್ತೆ ಮನೆಮನೆಗೂ ಹಂಚಿ ಬಂದು, ಖಾಲಿ ಪುಟ್ಟಿಯ ಮುಂದೆ ಸಂತೋಷದಿಂದ ಕೂತಿದ್ದಳು. ನನ್ನ ಪಾಲಿನ ಹೋಳಿಗೆಯನ್ನು ಮುಚ್ಚಿಟ್ಟಿದ್ದಳು. ಹಿಂಡಿ ಮಾತ್ರ ಡಬ್ಬಿ ಸಮೇತ ಪಕ್ಕದ ಮನೆಯ ಹಾಜಿರಾಬೀಗೆ ಹೋಗಿತ್ತು.

ಹಸಿ ಬಟ್ಟೆಯನ್ನು ಕಟ್ಟೆಯ ಮೇಲೆ ಎಸೆದು ಓಡಿದೆ. ಡಬ್ಬಿಯನ್ನು ಆಗಲೇ ತೊಳೆದು ಗೋಡೆಯ ಮೇಲೆ ಬೋರಲು ಹಾಕಿದ್ದರು. ಹಾಜಿರಾಬೀ ನನ್ನ ಮುಖ ನೋಡದೆ, "ಹಿಂಡಿ ಚಲೋ ಇತ್ತವಾ. ತಳದಾಗಿಂದು ನಿಮ್ಮತ್ತಿ ಕೈಗೆ ಕೊಟ್ಟೀನಿ, ಆಕೀನ್ನ ಕೇಳು" ಎಂದಳು. ಅತ್ತೆಯನ್ನು ಕೇಳುವ ಬದಲು ನಿನಗೆ ಕಾಗದ ಹಾಕಿದೆ. ನೀನೇನು ಬರೆದೆ? "ತಡೆದುಕೋ, ಹೇಳಬೇಡ, ಹುಲಿಗೆಮ್ಮನ ಮಾತುಕತೆ ನಡೆದಿದೆ, ಅಕ್ಕನಿಗೆ ರೋಗ ಎಂದರೆ ಬಳಗಾನೂರಿನವರು ತಂಗಿಯನ್ನೂ ಬೇಡವೆಂದಾರು." ತಡೆದುಕೊಳ್ಳಲು ಅದೇನು ಸೀನೇ, ಅವ್ವ?

ಹಳೆಯ ಗುಳಿಗೆಗಳನ್ನು ನಾನು ಕಾರ್ತಿಕದಿಂದಲೇ ಅರ್ಧ ಮಾಡಿ ನುಂಗುತ್ತಿದ್ದೆ, ಅವೂ ಮುಗಿದಿದ್ದವು. ಬೇನೆ ಕೆರಳುವುದು ಮೊದಲು ನನಗೆ ಗೊತ್ತಾಗುವುದು ಬಳೆಗಳಿಂದ. ಓಣಿಯ ಹೆಂಗಸರು ಬಸುರಿಗೆಂದು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದ್ದಾರೆ. ಕೈ ಸುಮ್ಮನೆ ತೊಡೆಯ ಮೇಲಿದ್ದರೂ ಅವು ತಾವೇ ಸದ್ದು ಮಾಡತೊಡಗಿದವು. ಆಮೇಲೆ ಧಗೆ. ಪುಷ್ಯದ ಚಳಿಯಲ್ಲಿ ಊರೆಲ್ಲ ಕಂಬಳಿ ಹೊದ್ದಿದ್ದರೆ ನಾನು ಕುಪ್ಪಸ ತೊಯ್ಯುವಂತೆ ಬೆವರುತ್ತಿದ್ದೆ. ಉಂಡದ್ದು ಮೈಗೆ ಹತ್ತಲಿಲ್ಲ, ಐದನೆಯ ತಿಂಗಳಲ್ಲಿ ತೋಳು ಸೊರಗಿದವು. ಸಿಟ್ಟಂತೂ ಕೇಳಬೇಡ. ನಿನ್ನ ಅಳಿಯ ಕನಕರಾಯ ಸಿಂಧನೂರಿನ ಮಿಲ್ಲಿನಿಂದ ಬಂದು, ಸಾರಿಗೆ ಉಪ್ಪು ಕಮ್ಮಿ ಎಂದದ್ದಕ್ಕೆ ಸೌಟು ಬೀಸಿದೆ. ಪುಣ್ಯಕ್ಕೆ ಗೋಡೆಗೆ ಬಿತ್ತು. ಆ ಬಾಯಿಲ್ಲದ ಮನುಷ್ಯ ಸೌಟು ಎತ್ತಿಕೊಟ್ಟು ಮತ್ತೆ ಉಣ್ಣಲು ಕೂತ. ನನಗೆ ಅಳು ಬಂತು.

ಅತ್ತೆಯೂ ಬದಲಾದಳು. ನಾನು ಕಾಲುವೆಗೆ ಹೋದರೆ ಹಿಂದೆಯೇ ಬರುವಳು. ನನ್ನ ಚೀಲ ತಡಕುವಳು. ನನ್ನ ತಾಟಿಗೆ ತಾನೇ ಬಡಿಸಿ, ಉಂಡು ಮುಗಿಸುವವರೆಗೆ ಎದುರಿಗೆ ಕೂತಿರುವಳು. ಹಾಸಿಗೆಯನ್ನು ಬಾಗಿಲಿಗೆ ಅಡ್ಡ ಹಾಸತೊಡಗಿದಳು. ಮಾತು ಮಾತ್ರ ಇಲ್ಲ. ಗಾಳಿ ಸೋಕಿದೆಯೆಂದು ತಿಳಿದಿದ್ದಾಳೆ, ಇವತ್ತೋ ನಾಳೆಯೋ ಯಾರಾದರೂ ಬೇವಿನ ಸೊಪ್ಪು ಹಿಡಿದು ಬರುತ್ತಾರೆ ಎಂದುಕೊಂಡು ನಾನು ಕಾಯುತ್ತಿದ್ದೆ.

ಮೊನ್ನೆ ಗುರುವಾರ ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಎದೆ ಓಡತೊಡಗಿತು. ಹೊಡೆದುಕೊಳ್ಳುವುದು ಬೇರೆ, ಇದು ಓಟ, ತಪ್ಪು ಹೆಜ್ಜೆ ಹಾಕುತ್ತ ಓಡುವ ಹಾಗೆ. ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಅಲ್ಲಿಯೇ ಸುಟ್ಟಿತು, ನಾನು ಗೋಡೆಗೆ ಒರಗಿ ಕುಸಿದೆ. ಲಿಂಗಸುಗೂರಿನ ಡಾಕ್ಟರು ಹಿಂದೊಮ್ಮೆ ಹೇಳಿದ ಮಾತು ನೆನಪಾಯಿತು: ಇದು ಬಸುರಿನಲ್ಲಿ ಕೆರಳಿದರೆ ಮಗು ಉಳಿಯುವುದು ಕಷ್ಟ, ತಾಯಿಯದೂ ಹೇಳಲಾಗದು. ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡೆ. ಬಳೆಗಳು ಮನೆ ತುಂಬ ಸದ್ದು ಮಾಡುತ್ತಿದ್ದವು.

ಅತ್ತೆ ಬಂದು ನನ್ನನ್ನು ಹಿಡಿಯಲಿಲ್ಲ. ಸೊಂಟದ ಚೀಲದಿಂದ ಆ ಪ್ಲಾಸ್ಟಿಕ್ ಗಂಟು ತೆಗೆದು ನನ್ನ ಮುಂದೆ ಎಸೆದಳು. "ಕದ್ದು ಎಲ್ಲಿಂದ ತಂದು ನುಂಗೀದಿ? ಇವು ನನ್ನ ಹತ್ರನ ಅದಾವ. ನನ್ನ ಮೊಮ್ಮಗನ್ನ ಇಳಸಾಕ ಎಷ್ಟು ಗುಳಿಗಿ ಬೇಕಂತ ಹೇಳ್ಯಾಳ ನಿಮ್ಮವ್ವ?" ಎಂದಳು.

ಆಗ ನನಗೆ ಎಲ್ಲ ಅರ್ಥವಾಯಿತು. ಬಸುರಿಗೆ ಅವಳ ತಾಯಿ ಹಿಂಡಿಯ ಅಡಿಯಲ್ಲಿ ಬಚ್ಚಿಟ್ಟು ಕಳಿಸುವ ಗುಳಿಗೆ ಬಸಿರಿಳಿಸುವುದಲ್ಲದೆ ಇನ್ನೇನಿದ್ದೀತು ಎಂದು ಅವಳು ಲೆಕ್ಕ ಹಾಕಿದ್ದಳು. ಅದಕ್ಕೇ ಆ ಕಾವಲು. ಮದುವೆಯ ಚಪ್ಪರದಲ್ಲಿ ನೀನು, "ಮಕ್ಕಳಿಗೆ ಅವಸರ ಬ್ಯಾಡ್ರಿ, ಆಕಿ ಟಿ.ಸಿ.ಎಚ್. ಮುಗಸಲಿ" ಎಂದಿದ್ದೆಯಲ್ಲ, ಅದನ್ನೂ ನೆನಪಿಟ್ಟಿದ್ದಳು. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ತಿಳಿಯುತ್ತಿದ್ದೆ.

ನೀನು ಕಲಿಸಿದ ಸುಳ್ಳು ನಾಲಿಗೆಯ ತುದಿಗೇ ಇತ್ತು. "ರಕ್ತದ ಗುಳಿಗಿ ಅನ್ನು" ಎಂದಿದ್ದೆ. ಅಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಹುಲಿಗೆಮ್ಮನ ಮುಖ ಕಣ್ಣ ಮುಂದೆ ಬಂತು, ಸುಳ್ಳಲ್ಲ. ಆದರೆ ನಂಬಿ ಆ ಗುಳಿಗೆ ನನ್ನ ಕೈಗೆ ಕೊಟ್ಟು ಅವಳು ಹೊರಗೆ ಹೋದರೆ, ಈ ಓಡುವ ಎದೆಯನ್ನು ಹಿಡಿಯುವವರು ಯಾರು? ಅತ್ತೆಯ ಕೈ ಎಳೆದು ನನ್ನ ಗಂಟಲ ಮೇಲೆ ಇಟ್ಟುಕೊಂಡು ತಂಬಿಗೆಯ ನೀರು ಕುಡಿದೆ. ಬಾವು ಅವಳ ಬೆರಳ ಕೆಳಗೆ ಮೇಲಕ್ಕೆ ಹೋಗಿ ಇಳಿಯಿತು. "ಇದಕ್ಕ ಆ ಗುಳಿಗಿ. ಕೂಸಿಗಲ್ಲ" ಎಂದೆ.

ಅವಳು ಕೈ ತೆಗೆಯಲಿಲ್ಲ. "ಮದುವಿಗಿಂತ ಮೊದಲಽ ಇತ್ತೇನು?" ಎಂದು ಕೇಳಿದಳು. "ಇತ್ತು" ಎಂದೆ. ಎದ್ದು ಹೊರಗೆ ಹೋದಳು. ಮಿಲ್ಲಿಗೆ ಹೇಳಿಕಳಿಸಿ ಮಗನನ್ನು ಕರೆಸುತ್ತಾಳೆ, ನನ್ನ ಟ್ರಂಕು ಹೊರಗೆ ಬೀಳುತ್ತದೆ ಎಂದುಕೊಂಡೆ. ಚಪ್ಪಲಿ ಮೆಟ್ಟಿ, ಚಾದರ ಹೊದ್ದು ಒಳಗೆ ಬಂದು, "ನಡಿ. ಡಾಕ್ಟರು ಎಲ್ಲಿ ಅದಾನ ಹೇಳು. ನಿಮ್ಮವ್ವನ ಹಿಸಾಬು ಆಮ್ಯಾಲೆ" ಎಂದಳು.

ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. ನಮ್ಮೂರು ಮಸ್ಕಿ ಬಂತು. ಬಸ್ಸು ನಿಂತಿತು, ಮತ್ತು ನೀನು ಕಾಣಿಸಿದೆ. ಬಾಲವಾಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಕಿಟಕಿಯಿಂದ ಕೂಗಲು ಬಾಯಿ ತೆರೆದೆ. ಅತ್ತೆ, "ಇಳೀಬ್ಯಾಡ. ಈಗ ಇಳಿದ್ರ ಆ ಟೀಚರಮ್ಮ ಮತ್ತ ಮುಚ್ಚಿಡತಾಳ" ಎಂದಳು. ಬಸ್ಸು ಹೊರಟ ಮೇಲೆ ಅವಳು ತಿರುಗಿ ನಿನ್ನನ್ನು ಬಹಳ ಹೊತ್ತು ನೋಡಿದಳು.

ಡಾಕ್ಟರು ಬೈದರು. ಬಸುರಾದದ್ದನ್ನು ಅಂದೇ ಬಂದು ಹೇಳಬೇಕಿತ್ತಂತೆ. ಈ ಹೊತ್ತಿನಲ್ಲಿ ಗುಳಿಗೆ ಬಿಟ್ಟರೂ ಅಪಾಯ, ಹೆಚ್ಚಾದರೂ ಕೂಸಿಗೆ ತೊಂದರೆ, ನೋಡಿ ನೋಡಿ ಬದಲಿಸಬೇಕಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಗಂಟಲಿನ ಗ್ರಂಥಿಯ ಮೇಲೆ ಬಿದ್ದು ಅದನ್ನು ಹುಚ್ಚೆಬ್ಬಿಸುತ್ತದೆ ಎಂದು ಅತ್ತೆಗೆ ತಿಳಿಸಿ ಹೇಳಿದರು. "ಕಾವಲು ನಾಯಿನ ಮನಿಯಾಕಿನ್ನ ಕಡಿಯಾಕತ್ತೈತಿ ಅನ್ರಿ" ಎಂದಳು ಅತ್ತೆ. ಡಾಕ್ಟರಿಗೆ ನಗು ಬಂತು. ನರ್ಸಮ್ಮ ನನ್ನ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟಳು. ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ನನ್ನ ಅತ್ತೆ ಚಾದರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಆಮೇಲೆ ನರ್ಸಮ್ಮ "ಐತಿ, ಐತಿ" ಎಂದಳು. ಇಬ್ಬರೂ ಅತ್ತೆವು, ನಾಚಿಕೆಯಿಲ್ಲದೆ.

ಔಷಧ ಬದಲಿಸಿದ್ದಾರೆ, ಎದೆ ಓಟಕ್ಕೆ ಬೇರೆ ಗುಳಿಗೆ ಕೊಟ್ಟಿದ್ದಾರೆ. ನನ್ನ ರಕ್ತ ಪರೀಕ್ಷೆಗೆಂದು ಹೈದರಾಬಾದಿಗೆ ಹೋಗಿದೆ. ಜ್ವರ ಬಂದರೆ, ಎದೆ ಮತ್ತೆ ಓಡಿದರೆ ಕಾಯದೆ ಬನ್ನಿ ಎಂದಿದ್ದಾರೆ. ನಿನ್ನೆಯಿಂದ ಬೆಳಗಾಗುತ್ತಲೇ ಅತ್ತೆ, "ಕೈ ಚಾಚು" ಎಂದು ಕಣ್ಣು ಮುಚ್ಚಿ ಬಳೆಯ ಸದ್ದು ಕೇಳುತ್ತಾಳೆ. ಇವತ್ತು, "ನಿನ್ನೀಗಿಂತ ಕಮ್ಮಿ" ಎಂದಳು. ಅದು ಹೌದೋ, ನನ್ನ ಸಮಾಧಾನಕ್ಕೋ ತಿಳಿಯದು.

ನನ್ನನ್ನು ತವರಿಗೆ ಅಟ್ಟುವ ಮಾತು ಎತ್ತಿಲ್ಲ. "ರೋಗ ಯಾರಿಗಿಲ್ಲ? ಮುಚ್ಚಿಟ್ಟಿದ್ದು ಸಿಟ್ಟು. ಮುಚ್ಚಿಟ್ಟು ನನ್ನ ಕೈಲೆ ನನ್ನ ಕೂಸನ್ನ ಕೊಲ್ಲಸ್ತಿದ್ಳಲ್ಲ" ಎನ್ನುತ್ತಾಳೆ. ಗುಳಿಗೆಗಳನ್ನು ಕಾಲುವೆಗೆ ಎಸೆಯಬೇಕೆಂದು ಹೋಗಿ, ಪಂಚರಿಗೆ ತೋರಿಸಲು ಬೇಕಾದೀತೆಂದು ಇಟ್ಟುಕೊಂಡಿದ್ದಳಂತೆ. ಈ ಸಿಟ್ಟಿಗೆ ಉತ್ತರ ನೀನೇ ಕೊಡಬೇಕು, ಮುಖಕ್ಕೆ ಮುಖ ಕೊಟ್ಟು. ಬಳಗಾನೂರಿನವರಿಗೂ ಅಕ್ಕಿಕಾಳು ಬೀಳುವ ಮೊದಲೇ ಹೇಳು. ಕೇಳಿ ಬಿಟ್ಟುಹೋಗುವವರು ಹೋಗಲಿ. ಹುಲಿಗೆಮ್ಮ ಕೂಡ ಅಗಸಿ ಹಿಂಡಿಯ ತಳ ಕೆದಕುತ್ತ ಬಾಳುವುದು ನನಗೆ ಬೇಡ.

ಸಿಟ್ಟು ಹೋಗಿಲ್ಲ, ಪ್ರೀತಿಯೂ ಹೋಗಿಲ್ಲ.

ನಿನ್ನ ಮಗಳು
ಶೇಖಮ್ಮ

ತಾ. ಕ.: ಒಂದು ಮಾತನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅತ್ತೆ ಆ ಗಂಟನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಅವರು ತಿರುವಿ ನೋಡಿ, "ಇವು ಇವಳಿಗೆ ಬರೆದದ್ದಲ್ಲ. ಮಗಳನ್ನು ನೋಡದೆ ಕೊಡುವುದಿಲ್ಲ ಎಂದಿದ್ದೆ. ಇವು ಯಮನಮ್ಮನಿಗೆ, ಅವರದೇ ಬೇನೆಗೆ ಬರೆದದ್ದು. ದೀಪಾವಳಿಯ ನಂತರ ಅವರು ಬಂದೇ ಇಲ್ಲ. ಹಾಗಾದರೆ ಅವರು ಏನು ನುಂಗುತ್ತಿದ್ದಾರೆ?" ಎಂದರು. ಅತ್ತೆಗೆ ಗೊತ್ತಿತ್ತು. "ಈ ಥಂಡ್ಯಾಗ ಸೆರಗು ಬೀಸಿಕೊಂತ ಕುಂತಿದ್ಳ್ರೀ" ಎಂದಳು.

ಎಷ್ಟು ವರ್ಷದಿಂದ ನಿನಗೂ ಈ ಬೇನೆ, ಅವ್ವ? ಟೀಚರು ಎಂದ ಮೇಲೆ ಕೊರಳು ಮುಚ್ಚುವ ಕುಪ್ಪಸವೇ ಇರಬೇಕು ಎನ್ನುತ್ತಿದ್ದೆಯಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಅತ್ತೆ ಮಸ್ಕಿಯಲ್ಲಿ ಇಳಿಯುತ್ತಾಳೆ. ಬೈಯುತ್ತಾಳೆ, ಬೈಸಿಕೊ. ಆಮೇಲೆ ನಿನ್ನನ್ನು ಲಿಂಗಸುಗೂರಿಗೆ ಕರೆದೊಯ್ಯುತ್ತಾಳೆ. ಅಲ್ಲಿಯವರೆಗೆ ನಿನಗೆ ಬರೆದುಕೊಟ್ಟಂತೆ ನುಂಗಬೇಕೆಂದು ಡಾಕ್ಟರು ಹೇಳಿದ್ದಾರೆ. ಈ ಕಾಗದದ ಜೊತೆ ಗದ್ದೆಪ್ಪ ಮಾಮನ ಕೈಯಲ್ಲಿ ನಿನ್ನ ಡಬ್ಬಿ ಬರುತ್ತಿದೆ. ಬೀಗರ ಡಬ್ಬಿಯನ್ನು ಬರಿದು ಕಳಿಸಬಾರದೆಂದು, ಪಿತ್ತವಾದರೂ ಸರಿ ಎಂದು ಅತ್ತೆ ತಾನೇ ಅಗಸಿ ಹುರಿದು, ಕುಟ್ಟಿ ತುಂಬಿದ್ದಾಳೆ. ಗುಳಿಗೆಗಾಗಿ ತಳ ಕೆದಕಬೇಡ. ಮುಚ್ಚಳ ತೆಗೆದರೆ ಮೇಲೆಯೇ ಇಟ್ಟಿದ್ದಾಳೆ.