ಅಪ್ಪ ಕೂಡಿಸಿಟ್ಟ ಗುಳಿಗೆಗಳು

ಬಾಗಲಕೋಟೆ
25-11-2010, ಗುರುವಾರ

ಅವ್ವಾ,

ಪತ್ರ ಬರೆದದ್ದಕ್ಕೆ ಸಿಟ್ಟಾಗಬೇಡ. ಲಕೋಟೆ ನೋಡಿಯೇ ನಿನ್ನ ಎದೆ ಧಸಕ್ ಅಂದಿರುತ್ತದೆ, ನನಗೆ ಗೊತ್ತು. ನಾನು ಆರಾಮ ಇದ್ದೇನೆ. ಫೋನಿನಲ್ಲಿ ಹೇಳೋಣ ಅಂದರೆ ನಮ್ಮ ಮನೆಯಲ್ಲಿ ಇರುವುದೇ ಒಂದು ಮೊಬೈಲು, ಅದೂ ಅಪ್ಪನ ಕಿಸೆಯಲ್ಲಿ. ಕರೆಂಟ್ ಮಗ್ಗದ ಸಪ್ಪಳಕ್ಕೆ ಅವ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ. ಈ ಮಾತು ಅಪ್ಪನ ಕಿವಿಗೆ ಬೀಳಬಾರದು. ಅದಕ್ಕೇ ಪಕ್ಕದ ಮನೆ ರತ್ನಾಬಾಯಿ ಅತ್ತಿಯ ಹೆಸರಿಗೆ ಹಾಕುತ್ತಿದ್ದೇನೆ. ಐದನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲೇ ಬೆಳೆದ ನನ್ನ ಕನ್ನಡದಲ್ಲಿ ಸ್ಪೆಲಿಂಗ್ ಮಿಸ್ಟೇಕ್ ಇದ್ದರೆ ಹೊಂದಿಸಿಕೊಂಡು ಓದು.

ಅವ್ವಾ, ಅಪ್ಪ ಶುಗರಿನ ಗುಳಿಗೆಯನ್ನು ದಿನಾ ತಗೊಳ್ಳುತ್ತಿಲ್ಲ. ನೀನು ನೀರಿನ ತಂಬಿಗೆ ಕೊಟ್ಟು ಆಚೆ ಹೋದಕೂಡಲೇ ಅದನ್ನು ಕಿಸೆಗೆ ಹಾಕುತ್ತಾನೆ. ಶ್ರಾವಣದಲ್ಲಿ ಒಮ್ಮೆ ಲಾಳಿಗೆ ನೂಲಿನ ಕಂಡಿಕಿ ಹಾಕಲು ಬಗ್ಗಿದಾಗ ಚಕ್ಕರ್ ಬಂದು, ಮಣಿಕಟ್ಟು ತರಚಿತ್ತಲ್ಲ, ಅದು ಗುಳಿಗೆಯಿಂದ ಆದದ್ದು ಅಂತ ಅವನ ತಲೆಯಲ್ಲಿ ಕೂತಿದೆ. ಮಗ್ಗ ನಡೆಯುವ ದಿನ ಗುಳಿಗೆ ಇಲ್ಲ. ಮಗ್ಗ ನಿಂತ ದಿನ, ಅಂದರೆ ಅಮಾಸಿಗೆ, ಬಿಟ್ಟದ್ದರಲ್ಲಿ ಕೆಲವನ್ನು ಕೂಡಿಸಿ ಒಮ್ಮೆಲೇ ತಗೊಳ್ಳುತ್ತಾನೆ. ಮೊದಲು ಎರಡೆರಡು ಅಂತೆ, ಇದೆಲ್ಲ ಅವನೇ ಆಮೇಲೆ ಹೇಳಿದ್ದು. ದೀಪಾವಳಿ ಅಮಾಸಿಗೆ ಮೂರು. ಅದರ ಪರಿಣಾಮ ನಾನೇ ಕಣ್ಣಾರೆ ಕಂಡೆ.

ಅವತ್ತು ನೀನು ಪೂಜೆಗೆ ಹೂ ತರಲು ಪೇಟೆಗೆ ಹೋಗಿದ್ದೆ. ಪೂಜೆ ಆಗದೆ ತಿನ್ನಬಾರದು ಅಂತ ಅಪ್ಪ ಏನೂ ತಿಂದಿರಲಿಲ್ಲ. ಮಗ್ಗದ ಕೋಣೆಗೆ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದ. ಅಂಗಿ ಬೆವರಿಗೆ ಪೂರಾ ತೊಯ್ದಿತ್ತು, ಕೈ ನಡುಗುತ್ತಿತ್ತು. ನನ್ನ ಮುಖ ನೋಡಿ, 'ಯಾರವ್ವಾ ನೀ, ಯಾರ ಮಗಳು' ಅಂದ. ನಾನು ಕೈಗೆ ಸಿಕ್ಕ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆ. ಕಾಲು ತಾಸಿಗೆ ಗುರುತು ಹಿಡಿದ. ಹಿಡಿದವನೇ ನಗುತ್ತಾ, 'ನಿಮ್ಮವ್ವಗ ಹೇಳಿದ್ರ ನನ್ನಾಣಿ ನೋಡು' ಅಂದ.

ಅವ್ವಾ, ಸೈನ್ಸ್ ಓದುವ ಹುಡುಗಿ ನಾನು. ಆದರೂ ಆಣೆ ಮುರಿದರೆ ಅಪ್ಪನ ಜೀವಕ್ಕೇ ಬಡಿಯುತ್ತದೆ ಅಂತ ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡು ಕೂತೆ. ರೂಮ್‌ಮೇಟ್ ಸಂಧ್ಯಾಗೂ ಹೇಳಲಿಲ್ಲ. ನಿನ್ನೆ ಕ್ಲಾಸಿನಲ್ಲಿ ಸರ್ ಒಬ್ಬ ಪೇಶೆಂಟಿನ ಸಂಗತಿ ಹೇಳಿದರು. ಉಪವಾಸದ ದಿನ ಇಂಥದೇ ಗುಳಿಗೆ ಹೆಚ್ಚಿಗೆ ನುಂಗಿ ಮಲಗಿದ್ದನಂತೆ. ಮನೆಯವರು ನಿದ್ದೆ ಮಾಡಲಿ ಬಿಡು ಅಂತ ಎಬ್ಬಿಸಲಿಲ್ಲವಂತೆ. ಮುಂದಿನದು ನನಗೆ ಬರೆಯಲು ಆಗುವುದಿಲ್ಲ.

ಇನ್ನೊಂದು ಇದೆ, ಅದನ್ನು ಬರೆಯಲು ಎರಡು ಹಾಳೆ ಹರಿದೆ. ಕೂಡಿಸಿ ತಗೊಳ್ಳುವ ಲೆಕ್ಕವನ್ನು ಅಪ್ಪನ ತಲೆಯಲ್ಲಿ ಗಟ್ಟಿ ಮಾಡಿದವಳು ನಾನೇ. ದಸರಾಕ್ಕೆ ಬಂದಾಗ, 'ಫಾರ್ಮಸಿ ಓದಾಕಿ, ಹೇಳ ನೋಡೋಣ, ಈ ಗುಳಿಗಿ ತಿಂದ್ರ ಏನ ಸಿಗತೈತಿ' ಅಂತ ನಗುತ್ತಾ ಚಾಷ್ಟಿ ಮಾಡಿದ. ಕಾಲೇಜು ಸೇರಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ದೊಡ್ಡ ಡಾಕ್ಟರನ ಹಾಗೆ, 'ಎಂಟು ವರ್ಷ ಆಯುಷ್ಯ ಹೆಚ್ಚಾಗತೈತಿ, ಪುಸ್ತಕದಾಗ ಐತಿ' ಅಂದೆ. ಅಪ್ಪನ ಮುಖ ಅರಳಿತು. 'ಎಂಟು ವರ್ಷ ಅಂದ್ರ ನಿನ್ನ ಮದವಿ, ನಿನ್ನ ಮಗನ ಜವಳ, ಎಲ್ಲಾ ಮುಗಿಸೇ ಹೋಗತೇನಿ ತಗೋ' ಅಂದ. ಪುಸ್ತಕದಲ್ಲಿ ಹಾಗೆ ಇಲ್ಲ ಅವ್ವಾ. ಶುಗರ್ ಹಿಡಿತದಲ್ಲಿದ್ದರೆ ಕಣ್ಣು, ಮೂತ್ರಪಿಂಡ, ಹೃದಯ ಹಾಳಾಗುವುದು ಕಡಿಮೆ ಅಂತಿದೆ, ಅಷ್ಟೇ. ಒಬ್ಬ ಮನುಷ್ಯನ ಮುಂದೆ ಇಷ್ಟೇ ವರ್ಷ ಅಂತ ಯಾರೂ ಬರೆದಿಲ್ಲ. ಎಂಟು ಅನ್ನುವುದು ನನ್ನ ಬಾಯಿಂದ ಬಂದದ್ದು. ಅಪ್ಪ ಅದನ್ನು ನೇಕಾರನ ಹಾಗೆ ತಿಳಿದುಕೊಂಡ. ಒಂದು ದಿನ ಕಡಿಮೆ ಬಿದ್ದ ಸೀರೆಯನ್ನು ಮರುದಿನ ಹೆಚ್ಚಿಗೆ ನೇಯ್ದು ಕೊಟ್ಟರೆ ಮುಗಿಯಿತಲ್ಲ, ಹಾಗೆ. ಒಂದು ಗುಳಿಗೆ ಬಿಟ್ಟರೆ ಒಂದು ದಿನದ ಆಯುಷ್ಯ ಬಾಕಿ, ಒಮ್ಮೆಲೇ ನುಂಗಿದರೆ ತಿರುಗಿ ಬಂತು. ಅಮಾಸಿಗೆ ಎರಡು ನುಂಗುತ್ತಿದ್ದವನು ಮೂರಕ್ಕೆ ಬಂದದ್ದು ನನ್ನ ಆ ಮಾತಿನ ಮೇಲೆ.

ಮುಂದಿನ ಅಮಾಸಿ ಡಿಸೆಂಬರ್ ಐದಕ್ಕೆ ಇದೆ. ಅಷ್ಟರೊಳಗೆ ಮಗ್ಗದ ಕೋಣೆಯಲ್ಲಿ ಕಂಡಿಕಿ ಬುಟ್ಟಿಯ ಕೆಳಗೆ ಸುಣ್ಣದ ಡಬ್ಬಿ ನೋಡು, ಕೂಡಿಸಿಟ್ಟ ಗುಳಿಗೆ ಅದರಲ್ಲಿವೆ. ತೆಗೆದು ಬಚ್ಚಿಡು. ಆದರೆ ಗುಳಿಗೆ ಪೂರಾ ಬಿಡಿಸಬೇಡ, ಅದೂ ಅಪಾಯವೇ. ಡಾಕ್ಟರರ ಹತ್ತಿರ ಕರಕೊಂಡು ಹೋಗಿ ಚಕ್ಕರ್ ಬರುವುದು, ಕೂಡಿಸಿ ತಗೊಳ್ಳುವುದು, ಎಲ್ಲಾ ಮುಚ್ಚದೆ ಹೇಳು. ಬೆವರು, ನಡುಕ, ತೊದಲು ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಸು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿ. ನಿದ್ದೆ ಹತ್ತಿದೆ ಅಂತ ಬಿಡಬೇಡ ಅವ್ವಾ, ಕೈ ಮುಗಿಯುತ್ತೇನೆ.

ನನಗೆ ಎಷ್ಟು ಬೇಕಾದರೂ ಬೈಯಿ. ಬೇಗ ಉತ್ತರ ಬರಿ.

ನಿನ್ನ ಮಗಳು,
ಪ್ರತಿಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯದೆ ಮನೆಗೆ ಫೋನ್ ಮಾಡಿದೆ. ಹಿಂದೆ ಮಗ್ಗದ ಸಪ್ಪಳವೇ ಇರಲಿಲ್ಲ. 'ಮುಂಜಾನೆ ಟ್ರಾನ್ಸ್‌ಫಾರ್ಮರ್ ಸುಟ್ಟೈತಿ, ನಾಳಿಗೂ ಮಗ್ಗ ಬಂದ್. ಬಾಕಿ ಇದ್ದ ಗುಳಿಗಿ ಎಲ್ಲಾ ನಾಳೆ ಎದ್ದಕೂಡಲೇ ಚುಕ್ತಾ ಮಾಡತೇನಿ' ಅಂತ ಅಪ್ಪ ನಕ್ಕ. ಬೇಡ ಅಪ್ಪಾ, ಎಂಟು ವರ್ಷ ಅಂದದ್ದು ಸುಳ್ಳು ಅಂದೆ. 'ಅಂಜಬುರುಕಿ' ಅಂದ. ಅವ್ವಗ ಕೊಡು ಅಂದೆ, ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ. ಅಪ್ಪನ ಫೋನ್ ಬಂದ ಹೊರತು ವಾರ್ಡನ್ ನನಗೆ ರಜೆ ಕೊಡುವುದಿಲ್ಲ. ಸಂಧ್ಯಾ ನಮ್ಮ ರಬಕವಿಯವಳೇ, ಮೂರು ಗಂಟೆಯ ಬಸ್ಸಿಗೆ ಊರಿಗೆ ಹೊರಟಿದ್ದಾಳೆ. ಪೋಸ್ಟಿಗೆ ಹಾಕದೆ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಅವಳು ಅಲ್ಲೇ ನಿಂತಿರುತ್ತಾಳೆ. ಮೊದಲು ಹೋಗಿ ಡಬ್ಬಿ ತಗೋ. ಆಮೇಲೆ ಅವಳ ಮೊಬೈಲಿನಿಂದ ಇವತ್ತೇ ಒಂದು ಮಾತು ಹೇಳು: ಎಷ್ಟು ಗುಳಿಗೆ ಸಿಕ್ಕವು?