ಬಾಜೂಕಿನ ಸೀಟು

ರೀ,

ಆರೋಹಿನ್ನ ಕರಕೊಂಡು ಎಸ್ಟಿ ಬಸ್ಸಿಗೆ ಗಡಹಿಂಗ್ಲಜಕ್ಕ, ಅವ್ವನ ಮನಿಗಿ ಹೊಂಟೇನಿ. ರೊಟ್ಟಿ ಡಬ್ಬ್ಯಾಗ ಅದಾವ, ಝುಣಕ ಬಿಸಿ ಮಾಡಿಕೋರಿ. ಫೋನ್ ಮಾಡಬ್ಯಾಡ್ರಿ, ಎತ್ತಂಗಿಲ್ಲ.

ಆ ಸ್ಪೋರ್ಟ್ಸ್ ಕಾರು ತಗೊಂಡಾಗ ನಾ ಒಂದ ಮಾತು ಅಂದಿರಲಿಲ್ಲ. ಕೊಲ್ಲಾಪುರದ ರೇಸ್ ಟ್ರ್ಯಾಕಿನ್ಯಾಗ ಇನ್ನೂರರ ಸ್ಪೀಡಿಲೆ ಓಡಸೂ ಮುಂದ ನೀವು ಭಾಳ ಹುಷಾರು. ತಲಿಗಿ ಹೆಲ್ಮೆಟ್, ಎರಡೂ ಹೆಗಲಿಗಿ ಬೆಲ್ಟು, ಟೈರಿನ ಹವಾ ಹತ್ತು ಸಲ ನೋಡತೀರಿ. ಗಾಡಿ ಹಗುರ ಆಗಲಿ ಅಂತ ಬಾಜೂಕಿನ ಸೀಟು ಸುದ್ದಾ ಬಿಚ್ಚಿ ಮಾಳಿಗಿ ಮ್ಯಾಲ ಇಟ್ರಿ. ಇಡ್ರಿ, ಟ್ರ್ಯಾಕಿನ್ಯಾಗ ನೀವು ಒಬ್ಬರ ಇರತೀರಿ.

ಆದ್ರ ನಿನ್ನೆ ದಾನೋಳಿಗಿ ಹೋಗೂ ಮುಂದ, ಸೀಟಿಲ್ಲದ ಆ ಜಾಗಾದಾಗ ಕೌದಿ ಮಡಚಿ ಹಾಸಿ ಆರೋಹಿನ್ನ ಕುಂದರಸೀರಿ. ಕೂಸಂದ್ರ ನೂಲಿನ ಗಂಟೇನ್ರಿ? ಬೆಲ್ಟಿಲ್ಲ, ಹಿಡಕೊಳ್ಳಾಕ ಏನೂ ಇಲ್ಲ. ಮ್ಯಾಲ "ಮಮ್ಮಿಗಿ ಹೇಳಬ್ಯಾಡ" ಅಂತ ಬ್ಯಾರೆ ಕಲಸೀರಿ. ಇನ್ನ ಮುಂದ ನನ್ನ ಮುಂದ ಸೇಫ್ಟಿ ಮಾತು ತಗೀಬ್ಯಾಡ್ರಿ.

ಸೀಟು ಇಳಿಸಿ ಗ್ಯಾರೇಜ್ ಮಿಸ್ತ್ರಿ ಕಡೆ ಬೋಲ್ಟು ಬಿಗಿ ಮಾಡಸ್ರಿ. ನೀವ ಕೈ ಹಚ್ಚಬ್ಯಾಡ್ರಿ. ಆಮ್ಯಾಲ ಕರಿಯಾಕ ಬರ್ರಿ, ಮೊದಲ ಬರಬ್ಯಾಡ್ರಿ. ಕೌದಿ ನಮ್ಮವ್ವ ಹೊಲಿದದ್ದು, ಎಣ್ಣಿ ಕಲಿ ಆಗೇತಿ. ಒಗದು ಒಣ ಹಾಕ್ರಿ.

ನಿಮ್ಮ ಹೆಲ್ಮೆಟ್ ಹುಡುಕಬ್ಯಾಡ್ರಿ. ಕೂಸಿಗಿ, ಪಪ್ಪಾ ಕಾರು ತಗೊಂಡು ಕರಿಯಾಕ ಬರತಾರ ಅಂದೆ. ಆರೋಹಿ ತನ್ನ ಚೀಲದಾನ ಫ್ರಾಕ್ ಎಲ್ಲಾ ತಗದಿಟ್ಟು, ಆ ಹೆಲ್ಮೆಟ್ ತುಂಬಿಕೊಂಡಾಳ.